ಎಪ್ಪತ್ತೇಳನೇ ಸೀಸೆ

ಫೆನ್ನಾ ಕಡ್ಡಿಯನ್ನು ಗುಡ್ಡ ಮಾಡುವ ಹೆಂಗಸಲ್ಲ. ಟ್ವೆಂಟೆ ಸೀಮೆಯ ನಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ದುಡಿದಳು. ಆಗ ಒಂದು ಸಂಶೋಧನೆಗಾಗಿ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಮಾತ್ರೆಯ ಅಂಶ ಎಷ್ಟಿದೆ ಎಂದು ಅಳೆಯುವುದು ನಮ್ಮ ಕೆಲಸ. ಸೀಸೆಯ ಮೇಲೆ ಹೆಸರಿಲ್ಲ, ಬರೀ ಅಂಕಿ. ಫಲಿತಾಂಶವನ್ನು ವೈದ್ಯರಿಗೂ ತಿಳಿಸುವುದಿಲ್ಲವೆಂದು ರೋಗಿಗಳಿಗೆ ಬರೆದುಕೊಟ್ಟಿದ್ದೆವು. ಇಲ್ಲದಿದ್ದರೆ ಯಾರು ತಾನೇ ತೋಳು ಚಾಚುತ್ತಾರೆ?

ಎಪ್ಪತ್ತೇಳು ಯಾರ ಅಂಕಿಯೆಂದು ಮಾತ್ರ ಅವಳಿಗೆ ಗೊತ್ತಿತ್ತು. ಎದುರು ಮನೆಯ ಒಂಟಿ ಮುದುಕ ಬೇರೆಂಡ್ ಒಮ್ಮೆ ಕಾಫಿ ಕುಡಿಯುತ್ತಾ ಬಾಯಿಬಿಟ್ಟಿದ್ದ. ವೈದ್ಯರು ಬರೆದುಕೊಟ್ಟ ಮೂರು ಬಗೆಯ ಮಾತ್ರೆಗಳಲ್ಲಿ ಯಾವೊಂದರ ಸುಳಿವೂ ಅವನ ರಕ್ತದಲ್ಲಿ ಇರಲಿಲ್ಲ. ಮಾತ್ರೆ ನಾಟುತ್ತಿಲ್ಲವೆಂದು ವೈದ್ಯರು ಪ್ರಮಾಣ ಏರಿಸುತ್ತಲೇ ಬಂದಿದ್ದರು. ಸೋಮವಾರ ಅವನು ಸೊಂಟದ ಶಸ್ತ್ರಚಿಕಿತ್ಸೆಗೆ ಸೇರಬೇಕಿತ್ತು. ವಾರ್ಡಿನಲ್ಲಿ ದಾದಿಯರು ಅಷ್ಟನ್ನೂ ಎದುರು ನಿಂತು ನುಂಗಿಸಿದರೆ ಸಕ್ಕರೆ ಪಾತಾಳಕ್ಕಿಳಿದು ಜೀವವೇ ಹೋದೀತು.

ಶನಿವಾರ ಅವನ ಮನೆಗೆ ಹೋದಳು. ಅವನು ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದ. ಕೆದಕಿದ ಮೇಲೆ ಒಪ್ಪಿಕೊಂಡ.

"ಹೊಟ್ಟೆ ಕೆಡ್ತಿತ್ತು, ಚರ್ಚಲ್ಲಿ ಕೂರಕ್ಕಾಗ್ತಿರ್ಲಿಲ್ಲ. ಎರಡು ವರ್ಷದಿಂದ ಮುಟ್ಟೇ ಇಲ್ಲ ಅಂತ ಆ ಡಾಕ್ಟ್ರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ನೀನು ಹೇಳ್ದಿದ್ರೆ ನಾನು ಹೇಳ್ತೀನಿ."

"ಹೇಳು. ಅವತ್ತಿಂದ ನೀನು ನನ್ನ ನೆರೆಯವಳಲ್ಲ."

ನಮ್ಮ ಸೀಮೆಯಲ್ಲಿ ಇದು ಹಗುರ ಮಾತಲ್ಲ. ಸತ್ತಾಗ ಮೈ ತೊಳೆಯುವವರು, ಮನೆಮನೆಗೆ ಸುದ್ದಿ ಮುಟ್ಟಿಸುವವರು, ಹೆಣ ಹೊರುವವರು ನೆರೆಯವರೇ. ಬೇರೆಂಡನ ಹೆಂಡತಿಗೆ ಇದನ್ನೆಲ್ಲ ಮಾಡಿದವಳು ಫೆನ್ನಾ.

ಸೋಮವಾರ, ಆಗಲೇ ವಾರ್ಡಿಗೆ ಸೇರಿದ್ದ ಅವನಿಗೆ ಪ್ರಯೋಗಾಲಯದಿಂದ ಫೋನ್ ಮಾಡಿ, ಡಾಕ್ಟರಿಗೆ ಹೇಳಿದೆಯಾ ಎಂದು ಕೇಳಿದಳು. ಅವನು ಗಾಳಿಮಳೆಯ ಮಾತೆತ್ತಿದ. ಅವಳು ಎದ್ದು ವಾರ್ಡಿನತ್ತ ಹೊರಟಳು. ನಾನು ಕೈ ಹಿಡಿದು ತಡೆದೆ. ನಿಯಮ, ಬರೆದುಕೊಟ್ಟ ಮಾತು ಎಂದೆಲ್ಲ ಒದರಿದೆ. ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅವಳು ಕೊಸರಿಕೊಂಡು ಹೋಗಿ ದಾದಿಗೆ ಎಲ್ಲ ಹೇಳಿದಳು. ಮಾತ್ರೆಗಳನ್ನು ತಡೆಹಿಡಿದರು. ಶಸ್ತ್ರಚಿಕಿತ್ಸೆಯೂ ಆಯಿತು, ಮುದುಕ ಉಳಿದ. ಫೆನ್ನಾಳನ್ನು ಈ ಕೆಲಸದಿಂದ ತೆಗೆದು ಮೂತ್ರಪರೀಕ್ಷೆಗೆ ಹಾಕಿದರು. ಅದಕ್ಕವಳು ತಲೆಕೆಡಿಸಿಕೊಳ್ಳಲಿಲ್ಲ.

ಎರಡು ತಿಂಗಳ ನಂತರ, ಒಂದು ಭಾನುವಾರ, ಬೇರೆಂಡ್ ಕಪ್ಪು ಕೋಟು ತೊಟ್ಟು, ಕೋಲಿಲ್ಲದೆ ಹೊರಬಿದ್ದ. ಅವಳ ಗೇಟು ದಾಟುವಾಗ ಕತ್ತು ಕೂಡ ತಿರುಗಿಸಲಿಲ್ಲ. ಒಂದು ಮೈಲಿಯಾಚೆಯ ಮನೆಯವರನ್ನು ತನ್ನ ಸಾವಿಗೆ ನೆರೆಯವರಾಗಿರೆಂದು ಕೇಳಲು ಹೊರಟಿದ್ದ. ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳಂತೆ.

ಮರುದಿನ ನನಗಿದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು.

"ಕುಂಟಲೇ ಇಲ್ಲ ಕಣೆ," ಎಂದಳು. "ಅಷ್ಟು ದೂರಾನೂ ಚೆನ್ನಾಗಿ ನಡೆದ."