ಬರೆಯದೆ ಉಳಿದ ತೋಳಿನ ಅಳತೆ

ಕಾಜಾ ಅಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ದರ್ಜಿ ಅಂಗಡಿಯಲ್ಲಿ ಹೊಲಿಗೆ ತಮ್ಮನದು, ಕಾಜಾ ಹಾಕಿ ಗುಂಡಿ ಕೂರಿಸುವುದು ಅವಳದು. ಕದ್ದ ಬಟ್ಟೆ ಕೊಂಡನೆಂದು ಪೊಲೀಸರು ತಮ್ಮನನ್ನು ಕರೆದೊಯ್ದ ಮೇಲೆ ಹೊಲಿಗೆಯೂ ಅವಳ ತಲೆಗೇ ಬಂತು. ವಿಚಾರಣೆ ಮಾತ್ರ ಶುರುವಾಗಲಿಲ್ಲ. ಒಮ್ಮೆ ಕಡತ ಬರಲಿಲ್ಲ, ಒಮ್ಮೆ ನ್ಯಾಯಾಧೀಶರಿಗೆ ರಜೆ, ಒಮ್ಮೆ ಕರೆತರಲು ವ್ಯಾನಿಲ್ಲ. ಪ್ರತಿ ತಾರೀಖಿಗೂ ಅವನ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ಒಯ್ಯುತ್ತಿದ್ದಳು. ಅವನು ಇಳಿದುಹೋದಂತೆಲ್ಲ ಪಕ್ಕದ ಹೊಲಿಗೆಯನ್ನು ಇಷ್ಟಿಷ್ಟೇ ಒಳಗೆ ಹಿಡಿದಳು. ಕೊನೆಗೆ ಹಿಡಿಯಲು ಬಟ್ಟೆಯೇ ಉಳಿಯಲಿಲ್ಲ.

ಆಗ ಹೊಸ ನಿಯಮ ಬಂತು: ವಿಚಾರಣೆ ಶುರುವಾಗದೆ ಎರಡು ವರ್ಷ ಒಳಗಿದ್ದವರನ್ನು ಬಿಡಬೇಕು. ಅಕ್ಕ ಅಂಗಡಿಗೆ ಬೀಗ ಹಾಕಿ ಜೈಲಿನ ಕಚೇರಿಗೆ ಹೋದಳು. ಬಿಡುವವರ ಪಟ್ಟಿಯಲ್ಲಿ ತಮ್ಮನ ಹೆಸರಿರಲಿಲ್ಲ.

"ಒಂದು ವರ್ಷ ಎಂಟು ತಿಂಗಳು ಅಷ್ಟೇ ಕಣಮ್ಮ," ಎಂದ ಗುಮಾಸ್ತ. "ಇನ್ನೂ ನಾಲ್ಕು ತಿಂಗಳು ಇದೆ."

"ಮೊದಲ ನಾಲ್ಕು ತಿಂಗಳು ಬೇರೆ ಊರಿನ ಜೈಲಲ್ಲಿದ್ದ ಸಾರ್. ನೀವು ಅವನು ಇಲ್ಲಿಗೆ ಬಂದ ದಿನದಿಂದ ಎಣಿಸಿದ್ದೀರಿ."

"ಅದಕ್ಕೇನು ಆಧಾರ?"

ಮರುದಿನ ಅಳತೆಯ ಪುಸ್ತಕ ಹಿಡಿದು ಬಂದಳು. ಟೇಪು ಬಿಚ್ಚುವ ಮೊದಲು ತಾರೀಖು ಬರೆಯುವುದು ತಮ್ಮನ ರೂಢಿ.

"ಏನಮ್ಮ, ನನ್ನ ಅಳತೆ ತಗೊಳ್ಳೋಕೆ ಬಂದ್ರಾ? ಹೊಟ್ಟೆ ಮಾತ್ರ ಸ್ವಲ್ಪ ಕಮ್ಮಿ ಬರ್ಕೊಳ್ಳಿ," ಎಂದ ಗುಮಾಸ್ತ.

ಅವಳು ನಗಲಿಲ್ಲ. ಹಾಳೆ ತೆರೆದಳು. ಮೇಲೆ ತಾರೀಖು, ಕೆಳಗೆ ಗಿರಾಕಿ ಮೇಷ್ಟ್ರೊಬ್ಬರ ಅಂಗಿಯ ಉದ್ದ, ಭುಜ, ಎದೆ. ಮುಂದೆ 'ತೋಳು' ಎಂದಿತ್ತು, ಅಂಕಿ ಇರಲಿಲ್ಲ.

"ತೋಳಿಗೆ ಟೇಪು ಹಿಡಿದಿದ್ದಾಗಲೇ ಪೊಲೀಸರು ಬಂದದ್ದು."

"ಇದಕ್ಕೆ ಸರ್ಕಾರಿ ಮೊಹರು ಎಲ್ಲಿದೆ?"

"ಮೊಹರು ಇರೋ ಪುಸ್ತಕ ಆ ಜೈಲಲ್ಲೇ ಇದೆಯಲ್ಲ ಸಾರ್. ಈ ತಾರೀಖು ಹಿಡ್ಕೊಂಡು ನೋಡೋಕೆ ಹೇಳಿ."

ಗುಮಾಸ್ತ ಅವಳನ್ನೂ ಗೋಡೆಯ ಗಡಿಯಾರವನ್ನೂ ನೋಡಿದ. ನಿಟ್ಟುಸಿರಿಟ್ಟು ಫೋನು ಎತ್ತಿಕೊಂಡ.

ಹನ್ನೊಂದನೆಯ ದಿನ ತಮ್ಮ ಹೊರಬಂದ. ಖುಲಾಸೆಯಲ್ಲ; ಕರೆದಾಗ ಬರುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಬಂದದ್ದು. ಎರಡು ದಿನ ಬರೀ ನಿದ್ದೆ ಮಾಡಿದ. ಮೂರನೆಯ ದಿನ ಕಪಾಟಿನಲ್ಲಿದ್ದ ಮೇಷ್ಟ್ರ ಬಟ್ಟೆಯನ್ನು ಕೊಡವಿ, ಅವರನ್ನು ಕರೆಸಿದ.

"ನಿನ್ನ ಮೈ ಇಳಿದಷ್ಟೂ ನನ್ನ ಮೈಗೆ ಬಂದಿದೆ ಕಣಯ್ಯಾ," ಎಂದರು ಮೇಷ್ಟ್ರು. ತಮ್ಮ ಅವರ ತೋಳಿಗೆ ಟೇಪು ಹಿಡಿದ.

"ತೋಳು ಇಪ್ಪತ್ತನಾಲ್ಕು," ಎಂದ.

ಅಕ್ಕ ಪೆನ್ಸಿಲ್ ಹಿಡಿದು ಹಳೆಯ ಹಾಳೆಯನ್ನೇ ತೆರೆದಿದ್ದಳು. ಖಾಲಿ ಜಾಗದ ಮೇಲೆ ಪೆನ್ಸಿಲ್ ನಿಂತಿತು.

"ಬೇರೆ ಹಾಳೆಲಿ ಬರೀತೀನಿ," ಎಂದಳು. "ಇದು ಹೀಗೇ ಇರಲಿ. ಕೇಸು ಇನ್ನೂ ಶುರುವೇ ಆಗಿಲ್ಲ."