ಅಣ್ಣನ ಎಡಗೈಗೆ ಮಾಡಿದ ವಾದ್ಯ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದು ಗೊತ್ತಿದ್ದೂ ಅಣ್ಣ ನನ್ನ ಜೊತೆ ಒಂದೇ ಮನೆಯಲ್ಲಿ ಬಾಳಿದ. ಅವನ ಕೊನೆಯ ಎರಡು ತಿಂಗಳನ್ನು ಆ ಸಿಟ್ಟಿಗೇ ಬಲಿಕೊಟ್ಟೆ.

ಬಸವಕಲ್ಯಾಣದ ನಮ್ಮ ಓಣಿಯ ಭಜನೆಯಲ್ಲಿ ಅಣ್ಣ ಬುಲ್‌ಬುಲ್ ತರಂಗ ನುಡಿಸುತ್ತಿದ್ದ. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ತಂತಿ ಮೀಟಬೇಕು. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಆದರೂ ಬೆಳಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುವುದನ್ನು ಬಿಡಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, ವಿಭೂತಿ ಹಚ್ಚಿ ಹೂವು ಏರಿಸುತ್ತಿದ್ದರು.

"ಲಿಂಗದ ಕೈ ಉಳಿಸ್ಯಾನಲ್ಲೋ ಶಿವ, ಸಾಕ್ ಬಿಡು," ಎನ್ನುತ್ತಿದ್ದ. ಭಜನೆಯ ತಾಳ ಕೇಳಿಸಿದರೆ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ನಾನು ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಮೋಟರ್ ವೈಂಡಿಂಗ್ ಮಾಡುವವನು. ಒಂದು ದಿನ ಮೊಬೈಲಿನಲ್ಲಿ ಯಾರೋ ಒಬ್ಬ ತಂತಿ ಮೀಟದೆ, ಬರೀ ಬೆರಳ ತುದಿಯಿಂದ ಬಡಿದೇ ಸ್ವರ ಹೊರಡಿಸುವುದನ್ನು ಕಂಡೆ. ಅರೆ, ಇದಕ್ಕೆ ಒಂದೇ ಕೈ ಸಾಕಲ್ಲ! ಭಾನುವಾರಗಳಂದು ಪಡಸಾಲೆಯಲ್ಲಿ ಕೂತು, ಹಳೇ ಬಾಗಿಲ ಚೌಕಟ್ಟಿನ ಸಾಗವಾನಿ ತುಂಡನ್ನು ಕೆತ್ತಿದೆ. ಸೈಕಲ್ ಕಡ್ಡಿ ಕತ್ತರಿಸಿ ವೀಣೆಗಿರುವಂಥ ಮೆಟ್ಟಿಲು ಕೂರಿಸಿ, ಮೇಲೆ ತಂತಿ ಬಿಗಿದೆ. ಬೆರಳೆತ್ತಿದರೆ ದನಿ ಅಲ್ಲೇ ನಿಲ್ಲಬೇಕು ನೋಡಿ, ಅದಕ್ಕೆ ಅಣ್ಣನ ಕಂಬಳಿಯ ಅಂಚು ಹರಿದು ತಂತಿಗಳ ತುದಿಯಲ್ಲಿ ಸಿಕ್ಕಿಸಿದೆ. ಬಡಿದರೆ ಬರುವ ಸದ್ದೋ, ಸೊಳ್ಳೆ ಹಾಡಿದಷ್ಟು. ಹಾಗಾಗಿ ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ, ವಾದ್ಯದ ತಂತಿಗಳ ಕೆಳಗೆ ಕೂರಿಸಿ, ಸ್ಪೀಕರಿಗೆ ಜೋಡಿಸಿದೆ. ಸುತ್ತುವುದಂತೂ ನನ್ನ ಕಸುಬೇ.

ಮೊದಲ ಸಲ ಅಣ್ಣ ಬಡಿದಾಗ ಗರ್ರ್ ಎಂದಿತು. ಬುಲ್‌ಬುಲ್ ತರಂಗದ ರೂಢಿಯಲ್ಲಿ ತಂತಿಯನ್ನು ಮೆಟ್ಟಿಲಿಂದ ಎತ್ತರಕ್ಕೆ ಕಟ್ಟಿದ್ದೆ, ತಪ್ಪು ನನ್ನದೇ. ತಗ್ಗಿಸಿಕೊಟ್ಟೆ. ಆದರೂ ಸ್ವರ ತಪ್ಪಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಏನ್ರಿ, ಬೆಕ್ಕಿನ ಬಾಲ ತುಳದ್ರೇನು?" ಎಂದು ನಕ್ಕರು. ಅಣ್ಣ ಕೈ ಹಿಂದಕ್ಕೆಳೆದುಕೊಂಡ.

"ತಗದಿಡು. ನನ್ನ ಕೈಲೆ ಆಗಂಗಿಲ್ಲ."

"ಆಗಂಗಿಲ್ಲಂದ್ರ? ಇಷ್ಟು ರವಿವಾರ ಯಾರ ಸಲುವಾಗಿ ಹಾಳ್ ಮಾಡ್ಕೊಂಡೀನಿ?"

"ನಾ ಕೇಳಿದ್ನೇನೋ?"

ಮೈಯೆಲ್ಲ ಉರಿಯಿತು. "ಹಂಗಾದ್ರ ಬಿದ್ದಿರು, ಗ್ವಾಡಿಗಿ ಮಾರಿ ಮಾಡಿ," ಎಂದುಬಿಟ್ಟೆ. ಲಕ್ವಾ ಹೊಡೆದವನಿಗೆ ಆಡುವ ಮಾತೇ ಅದು? ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ!

ಬಿಚ್ಚಿದರೆ ಗೊತ್ತಾಗಲೆಂದು ಸ್ಪೀಕರಿನ ಪ್ಲಗ್ಗಿಗೆ ಕಪ್ಪು ಟೇಪು ಸುತ್ತಿ, ವಾದ್ಯವನ್ನು ಅವನ ಮಂಚದ ಪಕ್ಕ ಒರಗಿಸಿದೆ. ದಿನಾ ಸಂಜೆ ಮನೆಗೆ ಬಂದವನು ಮೊದಲು ಆ ಟೇಪು ನೋಡುತ್ತಿದ್ದೆ. ಸುತ್ತಿದ್ದು ಸುತ್ತಿದ ಹಾಗೇ ಇರುತ್ತಿತ್ತು. ಇವನು ಮುಟ್ಟಿ ಸಹ ನೋಡಿಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಅವನು, "ಬಂದ್ಯಾ ತಮ್ಮಾ?" ಎಂದರೆ ನಾನು "ಹ್ಞೂಂ" ಎಂದು ಊಟಕ್ಕೆ ಹೋಗುತ್ತಿದ್ದೆ. ಎರಡು ತಿಂಗಳು ನಮ್ಮಿಬ್ಬರ ಮಾತು ಅಷ್ಟೇ.

ಎರಡನೇ ಸಲ ಲಕ್ವಾ ಹೊಡೆದಾಗ ನಾನು ಹುಮನಾಬಾದಿನಲ್ಲಿದ್ದೆ. ಮನೆ ಮುಟ್ಟುವಷ್ಟರಲ್ಲಿ ಅಣ್ಣ ಇರಲಿಲ್ಲ.

ಮಣ್ಣು ಕೊಡುವಾಗ ಅವನನ್ನು ಕುಣಿಯಲ್ಲಿ ಕೂರಿಸಿದೆವು. "ಎಡಗೈ ಬಿಡಸ್ರಿ, ಲಿಂಗ ಇಡಬೇಕು," ಎಂದರು ಅಯ್ಯನವರು. ನಾನೇ ಇಳಿದು ಬೆರಳು ಬಿಡಿಸಿದೆ. ನಾಲ್ಕೂ ಬೆರಳ ತುದಿ ದಡ್ಡುಗಟ್ಟಿತ್ತು. ಅದರ ಮೇಲೆ ತಂತಿಯ ಕಪ್ಪು ಗೆರೆಗಳು ಮೂಡಿದ್ದವು. ನಾನೂ ಕೈಕೆಲಸದವನೇ, ಒಂದು ದಿನಕ್ಕೆ ಬರುವ ದಡ್ಡಲ್ಲ ಅದು ಎಂದು ಗೊತ್ತಾಯಿತು. ಕುಣಿಯಿಂದ ನನ್ನನ್ನು ಇಬ್ಬರು ಹಿಡಿದೆತ್ತಬೇಕಾಯಿತು.

ಮನೆಗೆ ಬಂದು ವೈನಿಯನ್ನು ಕೇಳಿದೆ.

"ನೀ ಬಸ್ಸಿಗಿ ಹೋದ ಕೂಡ್ಲೆ ತೊಡಿ ಮ್ಯಾಲ ಇಟ್ಕೋತಿದ್ರಪ್ಪ," ಎಂದರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಸ್ಪೀಕರ್ ಹಚ್ಚಿದ್ರ ಮಂದಿ ನಗ್ತಾರಂತ ಬರೇ ಕಟಗಿಗಿ ಕಿವಿ ಹಚ್ಚಿ ಬಾರಸ್ತಿದ್ರು. ಒಂದ್ ಪದ ಪೂರಾ ಬರ್ಲಿ, ಆಮ್ಯಾಲ ತಮ್ಮಗ ಕೇಳಸ್ತೀನಿ, ಅಲ್ಲೀತನ ಬಾಯಿ ಬಿಡಬ್ಯಾಡ ಅಂದಿದ್ರು."

"ಪೂರಾ ಬಂದಿತ್ತೇನ್ರಿ ವೈನಿ?"

"ಬಂದಿತ್ತಪ್ಪ. ಈ ರವಿವಾರ ನಿನಗ ಕೇಳಸೋರಿದ್ರು."