ತೊಟ್ಟಿಲ ಪಕ್ಕದ ಸ್ಪೀಕರ್

ನಮ್ಮದು ಮೂರು ಜನರ ಆರ್ಕೆಸ್ಟ್ರಾ. ಕೀಬೋರ್ಡು ನನ್ನದು, ರಿದಂ ಪ್ಯಾಡು ನಮ್ಮವರದು, ಹಾಡುವುದಕ್ಕೆ ತುರುವೇಕೆರೆ ಕಡೆಯ ಒಬ್ಬ ಮೇಷ್ಟ್ರು. ವಾರವೆಲ್ಲ ನಾನು ತಿಪಟೂರಿನ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ನಮ್ಮವರು ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾರೆ. ಭಾನುವಾರ ಬಂತೆಂದರೆ ಯಾರದೋ ಗೃಹಪ್ರವೇಶ, ಯಾರದೋ ಅರವತ್ತರ ಶಾಂತಿ, ಯಾರದೋ ಮಗುವಿನ ಹುಟ್ಟುಹಬ್ಬ.

ನನಗೆ ಈ ಮನೆಯ ಸಮಾರಂಭಗಳೆಂದರೆ ಅಷ್ಟಕ್ಕಷ್ಟೇ. ಮುಚ್ಚುಮರೆ ಯಾಕೆ. ನಮಗೆ ಕೊಡುವ ಜಾಗ ಯಾವಾಗಲೂ ಕೈತೊಳೆಯುವ ನಲ್ಲಿಗೂ ಅಡುಗೆಯವರ ಒಲೆಗೂ ನಡುವೆ. ಪಲ್ಲವಿ ಮುಗಿಯುವ ಹೊತ್ತಿಗೆ ಒಬ್ಬರು ಬಂದು ಕುಣಿಯೋ ಹಾಡು ಹಾಕಿ ಎನ್ನುತ್ತಾರೆ, ನಾವೇನೋ ಹಾಡು ಹಾಕುವ ಯಂತ್ರವೆಂಬಂತೆ. ಅದಾದ ಮೇಲೆ ಮನೆಯ ಸೋದರಮಾವನೊಬ್ಬ ಮೈಕಿಗೆ ಕೈ ಚಾಚುತ್ತಾನೆ. ಕೊಡದಿದ್ದರೆ ನೆಂಟರಿಗೆ ಬೇಜಾರು, ಕೊಟ್ಟರೆ ನನಗೆ. ಅವನು ಒಂದು ಶ್ರುತಿಯಲ್ಲಿ ಶುರುಮಾಡಿ ಇನ್ನೆಲ್ಲೋ ಹೋಗಿ ಮುಟ್ಟುತ್ತಾನೆ. ನಾನು ಕೀಬೋರ್ಡು ಹಿಡಿದುಕೊಂಡು ಅವನ ಹಿಂದೆ ಹಿಂದೆ ಓಡಬೇಕು. ಮನೆಗೆ ಬಂದ ಮೇಲೆ ಎರಡು ದಿನ ಗೊಣಗುತ್ತೇನೆ. ನಮ್ಮವರು ಕೇಳಿಸಿಕೊಂಡೂ ಕೇಳಿಸದವರಂತೆ ಮೋಟಾರು ಬಿಚ್ಚುತ್ತಾ ಕೂತಿರುತ್ತಾರೆ.

ಹೊನ್ನವಳ್ಳಿಯ ಆ ನಾಮಕರಣಕ್ಕೂ ಹೀಗೇ ಮುಖ ಸಿಂಡರಿಸಿಕೊಂಡೇ ಹೋದೆ. ಕೊಬ್ಬರಿ ವ್ಯಾಪಾರದ ಸಾಹುಕಾರರ ಮನೆ. ಅವರ ಮಗಳು ಬಾಣಂತನಕ್ಕೆ ಬಂದವಳು, ಐದು ತಿಂಗಳು ತುಂಬಿದ ಹೆಣ್ಣುಮಗು. ಹೆಸರಿಟ್ಟು ಊಟ ಮುಗಿದ ಮೇಲೆ ಅವಳ ಅತ್ತೆಮನೆಯವರು ತಾಯಿ ಮಗುವನ್ನು ಕಂದಿಕೆರೆಗೆ ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಅಂಗಳದ ತುಂಬ ಶಾಮಿಯಾನ, ಅದರಾಚೆ ತೋಟ. ಅಂಗಳದ ಒಂದು ಬದಿಗೆ ಕಾಯಿ ಅಟ್ಟ. ಕೊಬ್ಬರಿಯಾಗಲೆಂದು ಕಾಯಿಗಳನ್ನು ಹೆಚ್ಚು ಕಡಿಮೆ ಒಂದು ವರ್ಷ ಆ ಅಟ್ಟದ ಮೇಲೆ ಹಾಗೇ ಬಿಟ್ಟಿರುತ್ತಾರೆ. ಒಳಗಿನ ನೀರೆಲ್ಲ ಇಂಗಿ ತಿರುಳು ಚಿಪ್ಪು ಬಿಟ್ಟಾಗ, ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತದೆ.

ಮೊಮ್ಮಗಳ ನಾಮಕರಣದ ದಿನವೂ ಸಾಹುಕಾರರು ಅಟ್ಟದ ಕೆಳಗೆ ಕೂತು ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನಾವು ವೈರು ಎಳೆಯುತ್ತಿದ್ದಾಗ ನನ್ನನ್ನು ಕರೆದು ಒಂದು ಕಾಯಿ ಕೈಗೆ ಕೊಟ್ಟರು.

"ನೀನು ಸಂಗೀತದೋಳು. ಹೇಳು ನೋಡಾನ, ಇದು ಒಣಗೈತಾ?"

ಅಲ್ಲಾಡಿಸಿದೆ. ಸದ್ದು ಬಂತು. ಒಣಗಿದೆ ಎಂದೆ.

"ಇಲ್ಲ ಕಣಮ್ಮ. ಇನ್ನೊಂದಿಷ್ಟು ದಿನ ಬೇಕು. ಒಳಗೆ ಚೂರು ಪಸೆ ಐತೆ, ಸದ್ದು ಮೆತ್ತಗೈತೆ," ಎಂದು ನಕ್ಕರು. ಆಮೇಲೆ, "ನಮ್ಮ ಮೊಮ್ಮಗಳದ್ದೂ ನನ್ನ ಕಿವಿನೇ. ಕಾಯಿ ಅಲ್ಲಾಡಿಸಿದ್ರೆ ಸಾಕು, ಕಣ್ಣು ಅಗಲ ಮಾಡ್ಕಂಡು ನೋಡ್ತದೆ," ಎಂದರು. ಅಜ್ಜನ ಆ ಹೆಮ್ಮೆ ನೋಡಿ ನನ್ನ ಸಿಡುಕು ಅರ್ಧ ಇಳಿದುಹೋಯಿತು.

ಸೀರೆ ಸರಿಮಾಡಿಕೊಳ್ಳಲು ಒಳಕೋಣೆಗೆ ಹೋದಾಗ ಬಾಣಂತಿ ಒಬ್ಬಳೇ ಇದ್ದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ತೊಡೆಯ ಮೇಲೆ ಮಗು ಮಲಗಿತ್ತು. ನಾನು ಒಳಗೆ ಬಂದದ್ದೇ ಕೂತಲ್ಲಿಂದಲೇ ಕೈ ಚಾಚಿ ಬಾಗಿಲನ್ನು ಅರ್ಧ ಮುಂದಕ್ಕೆ ಹಾಕಿದಳು.

"ಅಕ್ಕ, ನಿಮ್ಮ ಸ್ಪೀಕರ್ ಎಷ್ಟು ಜೋರಾಗಿ ಕೇಳ್ಸುತ್ತೆ?"

"ಕೆರೆ ಏರಿವರೆಗೂ ಕೇಳ್ಸುತ್ತೆ. ಯಾಕಮ್ಮ?"

"ತೊಟ್ಟಿಲನ್ನ ಅದರ ಪಕ್ಕದಲ್ಲೇ ಇಡಿಸ್ತೀನಿ."

ನನಗೆ ಸಿಟ್ಟೇ ಬಂತು. ಎಳೆಗೂಸನ್ನು ತಂದು ಸ್ಪೀಕರ್ ಪಕ್ಕ ಮಲಗಿಸುವ ಶೋಕಿ ಯಾವುದು? "ಬುದ್ಧಿ ಐತಾ ನಿಂಗೆ? ಮಗು ಬೆಚ್ಚಿ ಬೀಳುತ್ತೆ," ಎಂದು ಗದರಿದೆ.

"ಬೆಚ್ಚಲಿ ಅಂತಾನೇ ಅಕ್ಕ," ಎಂದಳು. ಆಮೇಲೆ ಮಗುವಿನ ತಲೆ ಸವರುತ್ತಾ, ತೀರಾ ಸಣ್ಣ ದನಿಯಲ್ಲಿ, "ಇದಕ್ಕೆ ಕಿವಿ ಕೇಳಲ್ಲ ಅನ್ಸುತ್ತೆ," ಎಂದಳು.

ನಾನು ಅಲ್ಲೇ ಚಾಪೆಯ ಮೇಲೆ ಕೂತೆ. ಅವಳು ಗಡಿಬಿಡಿಯಿಲ್ಲದೆ ಎಲ್ಲ ಹೇಳಿದಳು. ಕುಕ್ಕರ್ ಕೂಗಿದರೂ ಮಗು ಏಳುವುದಿಲ್ಲ. ಬಾಗಿಲು ಧಡಾರನೆ ಬಿದ್ದರೂ ಕಣ್ಣು ಮಿಟುಕಿಸುವುದಿಲ್ಲ. ಒಂದು ಮಧ್ಯಾಹ್ನ ಮಗುವಿನ ತಲೆಯ ಬಳಿ ಕೂತು ಸೌಟಿನಿಂದ ತಟ್ಟೆ ಬಡಿದಿದ್ದಾಳೆ. ಅವಳ ಅವ್ವ ಓಡಿಬಂದು, ಮನೇಲಿ ಹಸುಗೂಸಿರುವಾಗ ಬರೀ ತಟ್ಟೆ ಬಡೀತಾರೇನೇ ಎಂದು ಬೈದು ಕಿತ್ತುಕೊಂಡಿದ್ದಾರೆ. ಡಾಕ್ಟರಿಗೆ ತೋರಿಸೋಣ ಎಂದರೆ ಮನೆಯವರಿಗೆಲ್ಲ ಒಂದೇ ಉತ್ತರ: ಅಜ್ಜ ಕಾಯಿ ಅಲ್ಲಾಡಿಸಿದರೆ ನೋಡುತ್ತದಲ್ಲ, ಇನ್ನೇನು? ಆ ಮನೆಯಲ್ಲಿ ಸದ್ದಿನ ವಿಷಯಕ್ಕೆ ಸಾಹುಕಾರರು ಹೇಳಿದ ಮೇಲೆ ಮುಗಿಯಿತು.

"ಓಲಗ ಸಾಕು ಅಂದ್ರು ಅಪ್ಪ. ನಾನೇ ಹಟ ಮಾಡಿ ನಿಮ್ಮನ್ನ ಕರೆಸ್ದೆ. ಇವತ್ತು ಎರಡೂ ಮನೆಯೋರು ಒಂದೇ ಕಡೆ ಇರ್ತಾರೆ. ಎಲ್ರ ಕಣ್ಣೆದುರಿಗೇ ಗೊತ್ತಾಗಿಬಿಡ್ಲಿ. ಅಲ್ಲಿಗೆ ಹೋದ್ಮೇಲೆ ನಾನೊಬ್ಬಳೇ ಹೇಳಿದ್ರೆ ಯಾರು ನಂಬ್ತಾರೆ? ಹೆಸರಿಟ್ಟ ಕೂಡ್ಲೇ ನೀವು ಢಂ ಅಂತ ಕೊಡ್ತೀರಲ್ಲ, ಅದನ್ನ ಜೋರಾಗಿ ಕೊಡಿ ಅಕ್ಕ."

ಒಂದೇ ಒಂದು ಏಟು, ಉಳಿದಂತೆ ತೊಟ್ಟಿಲ ಕಡೆಯ ಸ್ಪೀಕರನ್ನು ಸಣ್ಣಗೆ ಇಟ್ಟಿರುತ್ತೇವೆ ಎಂದೆ. ಅವಳು ತಲೆಯಾಡಿಸಿದಳು. ನಾನು ಎದ್ದು ಬರುವಾಗ, "ಬೆಚ್ಚಿ ಅಳಲಿ ಅಂತ ಕೇಳ್ಕಳ್ರಿ ಅಕ್ಕ ದೇವ್ರನ್ನ," ಎಂದಳು.

ತೊಟ್ಟಿಲು ಹೊರಗೆ ಬಂದು ಸ್ಪೀಕರ್ ಪಕ್ಕ ನಿಂತಾಗ ಹೆಂಗಸರೆಲ್ಲ ಬೇಡ ಬೇಡ ಎಂದರು. ಅವಳು ಜಗ್ಗಲಿಲ್ಲ. ನಮ್ಮವರಿಗೆ ನಾನು ಕಿವಿಯಲ್ಲಿ ವಿಷಯ ಹೇಳಿದೆ. ಅವರು ಪ್ಯಾಡಿನ ಮುಂದಿದ್ದ ಕುರ್ಚಿಯನ್ನು ಮಗುವಿನ ಮುಖ ಕಾಣುವ ಹಾಗೆ ತಿರುಗಿಸಿಕೊಂಡರು.

ಕಾರ್ಯಕ್ರಮ ಶುರುವಾಯಿತು. ಹೊನ್ನವಳ್ಳಿಯ ನೆಂಟರೂ ಕಂದಿಕೆರೆಯ ನೆಂಟರೂ ಒಬ್ಬರಿಗಿಂತ ಒಬ್ಬರು ಜೋರು. ಮೂರನೇ ಹಾಡಿಗೇ ಹುಡುಗರು ಟವೆಲ್ಲು ಬೀಸುತ್ತಾ ಕುಣಿದರು. ಹುಡುಗಿಯರು ನಾಚಿಕೊಂಡು ಹಿಂದೆ ನಿಂತವರು ಆಮೇಲೆ ಹುಡುಗರನ್ನೇ ಪಕ್ಕಕ್ಕೆ ತಳ್ಳಿದರು. ಸೋದರಮಾವನೂ ತಪ್ಪದೇ ಬಂದ. ಅವತ್ತು ಅವನು ಯಾವ ಶ್ರುತಿಯಲ್ಲಿ ಹಾಡಿದನೋ ನನಗೆ ಗೊತ್ತಿಲ್ಲ, ನನ್ನ ಕಣ್ಣೆಲ್ಲ ತೊಟ್ಟಿಲ ಮೇಲೆಯೇ. ಒಂದೆರಡು ಕಡೆ ನಾನೇ ತಪ್ಪು ನುಡಿಸಿದೆ. ಮೇಷ್ಟ್ರು ತಿರುಗಿ ನನ್ನನ್ನೊಮ್ಮೆ ದುರುಗುಟ್ಟಿ ನೋಡಿದರು.

ಮಗು ಎಚ್ಚರವಾಗಿತ್ತು. ತೊಟ್ಟಿಲಿಗೆ ಕಟ್ಟಿದ್ದ ಸೇವಂತಿಗೆ ಹೂವಿನ ಗೊಂಡೆಯನ್ನು ನೋಡುತ್ತಾ ಕಾಲು ಬಡಿಯುತ್ತಿತ್ತು. ತಾಳಕ್ಕೆ ಸರಿಯಾಗಿ ಬಡಿಯುತ್ತಿದೆ ಎಂದು ನನಗೆ ಅನ್ನಿಸಿಬಿಟ್ಟಿತು. ಕೇಳುತ್ತದೆ ಇದಕ್ಕೆ, ಈ ಹುಡುಗಿ ಸುಮ್ಮನೆ ಹೆದರಿದ್ದಾಳೆ ಎಂದುಕೊಂಡೆ. ಎಷ್ಟು ಸಂತೋಷವಾಯಿತೆಂದರೆ ಆ ಕುಣಿಯುವ ಹಾಡನ್ನು ಇನ್ನೊಂದು ಸುತ್ತು ಬೇಕೆಂದೇ ನುಡಿಸಿದೆ. ಹಾಡು ನಿಂತಿತು. ಮಗುವಿನ ಕಾಲು ಮಾತ್ರ ಅದೇ ಲಯದಲ್ಲಿ ಬಡಿಯುತ್ತಲೇ ಇತ್ತು.

ಹೆಸರಿಡುವ ಹೊತ್ತಾಯಿತು. ಮಗುವಿನ ಸೋದರತ್ತೆ, ಎಂದರೆ ಅಪ್ಪನ ಅಕ್ಕ, ಮುಂದೆ ಬಂದರು. ಎಲ್ಲ ಸದ್ದೂ ನಿಂತಿತು. ಅವರು ತೊಟ್ಟಿಲ ಮೇಲೆ ಬಗ್ಗಿ, ಕಿವಿಗೆ ಅಂಗೈ ಮರೆಮಾಡಿ, ಮೂರು ಸಲ ಹೆಸರು ಪಿಸುಗುಟ್ಟಿದರು. ತಲೆ ಎತ್ತಿದರು. ನಾನು ನಮ್ಮವರ ಕಡೆ ನೋಡಿದೆ.

ಅವರು ಹೊಡೆದ ಏಟಿಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಎದ್ದು ನಿಂತೇಬಿಟ್ಟರು. ಯಾರದೋ ಮಡಿಲಲ್ಲಿದ್ದ ಇನ್ನೊಂದು ಕೂಸು ಕಿಟಾರನೆ ಕಿರುಚಿಕೊಂಡಿತು. ಸೋದರತ್ತೆ ಎದೆ ಹಿಡಿದುಕೊಂಡರು. ತೊಟ್ಟಿಲಲ್ಲಿದ್ದ ಮಗು ಹೂವಿನ ಗೊಂಡೆಯನ್ನು ನೋಡುತ್ತಿತ್ತು. ರೆಪ್ಪೆ ಕೂಡ ಅಲುಗಲಿಲ್ಲ.

"ಅಯ್ಯಯ್ಯೋ, ಎಂಥಾ ಗಟ್ಟಿ ಜೀವ ನೋಡ್ರೇ! ಬೆಚ್ಚಲೇ ಇಲ್ವಲ್ಲ!" ಎಂದು ಹೆಂಗಸೊಬ್ಬರು ಕೂಗಿದರು. ಎಲ್ಲರೂ ನಕ್ಕರು. ಚಪ್ಪಾಳೆ ತಟ್ಟಿದರು. ಬಾಣಂತಿಯ ಅತ್ತೆ, ಕಂದಿಕೆರೆಯ ಹಿರಿಯಮ್ಮ, ಬೀಗಿತಿಯ ಕೈ ಹಿಡಿದುಕೊಂಡು, "ನಮ್ಮನೆ ಕುಡಿ ಕಣ್ರೀ, ಯಾವುದಕ್ಕೂ ಹೆದರಲ್ಲ," ಎಂದರು. ಆ ನಗುವಿನ ನಡುವೆ ಬಾಣಂತಿ ನನ್ನ ಮುಖ ನೋಡಿದಳು. ನಾನು ಕೀಬೋರ್ಡಿನ ಸ್ವಿಚ್ಚು ಆರಿಸಿದೆ.

"ಗಟ್ಟಿ ಅಲ್ಲ ಅತ್ತೆ," ಎಂದಳು ಅವಳು. "ಅದಕ್ಕೆ ಕೇಳ್ಸಲಿಲ್ಲ."

ಅವಳ ಅವ್ವ ಮುಂದೆ ಬಂದು, "ಸುಮ್ನಿರೇ, ಒಳ್ಳೇ ದಿನ ಏನು ಮಾತಾಡ್ತೀಯ, ಬುಡು," ಎಂದರು. ಅವಳು ಬಿಡಲಿಲ್ಲ. "ನೀವೆಲ್ಲ ಬೆಚ್ಚಿದ್ರಿ. ಇದು ಬೆಚ್ಚಲಿಲ್ಲ. ಎಲ್ರೂ ನೋಡಿದ್ರಲ್ಲ ಈಗ?" ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಕೇಳಿದಳು.

ಸಾಹುಕಾರರಿಗೆ ಅವಮಾನವಾಯಿತೋ ಭಯವಾಯಿತೋ, ದಡದಡ ಅಟ್ಟದ ಕಡೆಗೆ ಹೋಗಿ ಒಂದು ಕಾಯಿ ತಂದರು. "ಬಾ ಇಲ್ಲಿ, ನೋಡು ಮಗಾ," ಎಂದು ತೊಟ್ಟಿಲ ಎದುರು ನಿಂತು ಅಲ್ಲಾಡಿಸಿದರು. ಮಗು ಕಣ್ಣರಳಿಸಿ ನೋಡಿ ನಕ್ಕಿತು. ಅಂಗಳದಲ್ಲಿ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

"ಹಿಂದೆ ನಿಂತು ಅಲ್ಲಾಡ್ಸಪ್ಪ."

ಅವರು ಮಗಳನ್ನೊಮ್ಮೆ ನೋಡಿ ಮಗುವಿನ ತಲೆಯ ಹಿಂದಕ್ಕೆ ಹೋದರು. ಅಲ್ಲಾಡಿಸಿದರು. ಮಗು ಹೂವನ್ನು ನೋಡುತ್ತಿತ್ತು. ಈ ಕಿವಿಯ ಹತ್ತಿರ ಹಿಡಿದರು, ಆ ಕಿವಿಯ ಹತ್ತಿರ ಹಿಡಿದರು. ಕಾಯಿ ಲೊಟಲೊಟ ಎನ್ನುತ್ತಿರುವುದು ದೂರದಲ್ಲಿ ಕೂತ ನನಗೇ ಕೇಳುತ್ತಿತ್ತು. ಅವರ ತೋಳು ಸೋತು ಕೆಳಗಿಳಿಯಿತು.

"ಇಷ್ಟು ದಿವಸ ನನ್ನ ಕೈ ನೋಡ್ತಿತ್ತು ಕಣಮ್ಮ ಇದು," ಎಂದರು. "ಕೈ ಆಡೋದನ್ನ ನೋಡ್ತಿತ್ತು."

ಎಲ್ಲರ ಕಣ್ಣೂ ಹಿರಿಯಮ್ಮನ ಮೇಲೆ. ನಿಜ ಹೇಳುತ್ತೇನೆ, ಆಕೆಯ ಬಾಯಿಂದ ಕೆಟ್ಟ ಮಾತೇ ಬರುತ್ತದೆ ಎಂದು ನಾನು ಕಾದಿದ್ದೆ. ಆಡಲಿ, ಎದ್ದು ಹೋಗಿ ಜಗಳಕ್ಕೇ ನಿಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಸೆರಗು ಕಟ್ಟಿಕೊಂಡಿದ್ದೆ. ಆಕೆ ನಿಧಾನವಾಗಿ ಸೊಸೆಯ ಹತ್ತಿರ ಹೋದರು.

"ಯಾವಾಗಿಂದ ಗೊತ್ತಿತ್ತೇ ನಿಂಗೆ?"

"ಎರಡು ತಿಂಗಳಿಂದ ಅನುಮಾನ."

"ಒಬ್ಬಳೇ ಇಟ್ಕಂಡಿದ್ದೆಯಲ್ಲೇ ಮಾರಾಯ್ತಿ," ಎಂದು ಅವಳ ತಲೆಯ ಬಟ್ಟೆಯನ್ನು ಸರಿಮಾಡಿ, ಮಗನ ಕಡೆಗೆ ತಿರುಗಿದರು. "ಇವತ್ತು ಊರಿಗೆ ಬ್ಯಾಡ. ನಾನೂ ಇಲ್ಲೇ ಇರ್ತೀನಿ. ಬೆಳಿಗ್ಗೆ ಎದ್ದು ಸೀದಾ ತುಮಕೂರಿಗೆ, ಡಾಕ್ಟ್ರ ತಾವ. ನಾನೂ ಬತ್ತೀನಿ."

ಆಗ ಅತ್ತವರು ಬಾಣಂತಿಯಲ್ಲ, ಹೆಸರಿಟ್ಟ ಸೋದರತ್ತೆ. ನಾನು ಹೇಳಿದ ಹೆಸರು ಅದಕ್ಕೆ ತಲುಪಲೇ ಇಲ್ವಲ್ಲ ಎಂದು ಬಿಕ್ಕಿದರು. ಯಾರೋ ಅವರನ್ನು ಕೂರಿಸಿ ನೀರು ಕೊಟ್ಟರು. ಅಡುಗೆಯವರು ಬಂದು ಎಲೆ ಹಾಕಲೇ ಎಂದು ಸಾಹುಕಾರರನ್ನು ಕೇಳಿದರು, ಹಾಕಿ ಎಂದರು. ಬಂದವರು ಊಟ ಮಾಡಲೇಬೇಕಲ್ಲ. ಒಬ್ಬಟ್ಟು ಬಡಿಸುವ ಹೊತ್ತಿಗೆ ಹುಡುಗರು ಮತ್ತೆ ಪಿಸಪಿಸ ಮಾತಿಗೆ ತೊಡಗಿದ್ದರು. ನಾವು ಹಾಡಿಲ್ಲದೆ, ಕೀಬೋರ್ಡೊಂದರಲ್ಲೇ, ಸಣ್ಣಗೆ ಏನೋ ನುಡಿಸಿದೆವು. ಮೊದಲ ಸಲ ಯಾರೂ ಬಂದು ಬೇರೆ ಹಾಡು ಕೇಳಲಿಲ್ಲ.

ವೈರೆಲ್ಲ ಸುತ್ತಿಟ್ಟು, ಹೇಳಿಹೋಗೋಣವೆಂದು ಒಳಕೋಣೆಗೆ ಹೋದೆ. ಅವಳು ಮಗುವನ್ನು ಮೊಣಕಾಲ ಮೇಲೆ ತನ್ನ ಕಡೆಗೆ ಮುಖ ಮಾಡಿ ಕೂರಿಸಿಕೊಂಡಿದ್ದಳು. ಈಗೆಲ್ಲ ಕಿವಿಗೆ ಹಾಕೋ ಮಿಷನ್ನು ಇದಾವಂತೆ, ಆಪರೇಷನ್ನೂ ಮಾಡ್ತಾರಂತೆ ಎಂದೆ. ಅವಳು ಹೂಂಗುಟ್ಟಿದಳು. ಅವಳ ಮುಖದಲ್ಲಿ ನಾನು ಹೆದರಿದ್ದ ದುಃಖವಿರಲಿಲ್ಲ, ಭಾರ ಇಳಿಸಿ ಕೂತವರ ದಣಿವಿತ್ತು.

"ಎರಡು ತಿಂಗಳಿಂದ ಇವಳ ಬೆನ್ನ ಹಿಂದೆ ನಿಂತ್ಕಂಡೇ ಕರೀತಿದ್ದೆ ಅಕ್ಕ," ಎಂದಳು. "ತಿರುಗ್ತಾಳೋ ಇಲ್ವೋ ಅಂತ. ಇವಳ ಜೊತೆ ಒಂದು ದಿನಾನೂ ನೆಟ್ಟಗೆ ಮುಖ ನೋಡ್ಕಂಡು ಮಾತೇ ಆಡ್ಲಿಲ್ಲ. ಇನ್ಮೇಲೆ ಎದುರಿಗೆ ಕೂತೇ ಕರೀತೀನಿ."

ಮಗುವನ್ನು ಇನ್ನೂ ಹತ್ತಿರಕ್ಕೆ ಎತ್ತಿಕೊಂಡು, ತುಟಿ ದೊಡ್ಡದಾಗಿ ಬಿಡಿಸಿ, ಆವತ್ತು ಇಟ್ಟ ಹೆಸರನ್ನು ಹೇಳಿದಳು. ಮಗು ಅವಳ ಬಾಯನ್ನೇ ನೋಡಿತು. ಆಮೇಲೆ ತಾನೂ ಅಷ್ಟೇ ದೊಡ್ಡದಾಗಿ ಬಾಯಿ ತೆರೆಯಿತು.